ಅದು ಮೂರೋ, ಎಂಟೋ? ನಕ್ಷೆಯ ಕೈಬರಹದಲ್ಲಿ ಅಡಗಿರುವ ಎರಡು ಸೆಂಟು ಜಮೀನು

ತೇನಿ: ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ ಜಮೀನಿನ ಕಾಗದ ಇಡುವುದಕ್ಕೆ ಒಂದು ಜಾಗ ಇದ್ದೇ ಇರುತ್ತದೆ. ಕೆಲವರದು ತಗಡಿನ ಪೆಟ್ಟಿಗೆ, ಕೆಲವರದು ಬೀರುವಿನ ಮೇಲಿನ ಅರೆ, ಇನ್ನು ಕೆಲವರದು ದೇವರ ಕೋಣೆಯ ಹಲಗೆ. ಪಟ್ಟಾ, ಕ್ರಯಪತ್ರ, ಕಂದಾಯ ರಸೀದಿಗಳ ನಡುವೆ ನಾಲ್ಕು ಮಡಿಕೆಯ ಒಂದು ಹಾಳೆಯೂ ಅಲ್ಲಿರುತ್ತದೆ. ಓರೆಕೋರೆ ಗೆರೆಗಳು, ಗೆರೆಯ ಪಕ್ಕದಲ್ಲಿ ಸಣ್ಣ ಸಣ್ಣ ಅಂಕಿಗಳು, ಮೂಲೆಗಳಲ್ಲಿ ಕಲ್ಲಿನ ಗುರುತು. ಸರ್ವೆ ಇಲಾಖೆಯವರು ಅದನ್ನು ಫೀಲ್ಡ್ ಮೆಷರ್‌ಮೆಂಟ್ ಬುಕ್ ಅನ್ನುತ್ತಾರೆ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೇಳುವವರು 'ಎಫ್‌ಎಂಬಿ ಸ್ಕೆಚ್ಚು' ಅಂದರೆ ಸಾಕು.

ಅಣ್ಣತಮ್ಮಂದಿರ ನಡುವೆ ಭಾಗ ಆಗುವ ದಿನ ಈ ಹಾಳೆ ಹೊರಗೆ ಬರುತ್ತದೆ. ಆಗ ಕನ್ನಡಕ ಹಾಕಿಕೊಂಡು ನೋಡಿದರೂ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೂ ಒಂದೊಂದು ಕಡೆ ಪ್ರಶ್ನೆ ಹಾಗೇ ಉಳಿಯುತ್ತದೆ: 'ಏನಪ್ಪಾ ಇದು, ಮೂರೋ ಎಂಟೋ?'

ನಗುವ ಪ್ರಶ್ನೆ ಅಲ್ಲ ಇದು. ಹಳೆಯ ಮದ್ರಾಸ್ ಪ್ರಾಂತ್ಯದ ಸರ್ವೆಯಲ್ಲಿ ಅಳತೆಗೆ ಬಳಸಿದ್ದು 66 ಅಡಿಯ ಗಂಟರ್ ಸರಪಳಿ. ಅದರಲ್ಲಿ 100 ಕೊಂಡಿ, ಅಂದರೆ ಒಂದು ಲಿಂಕ್‌ಗೆ 7.92 ಅಂಗುಲ. ಒಂದು ಎಕರೆಗೆ ಒಂದು ಲಕ್ಷ ಚದರ ಲಿಂಕ್, ಒಂದು ಸೆಂಟಿಗೆ ಸಾವಿರ ಚದರ ಲಿಂಕ್. ಈಗ 400 ಲಿಂಕ್ ಉದ್ದದ ಒಂದು ನೇರ ಪಟ್ಟಿ ಜಮೀನು ಇದೆ ಅಂದುಕೊಳ್ಳಿ. ಅಗಲ 118 ಲಿಂಕ್ ಎಂದು ಓದಿದರೆ 47.2 ಸೆಂಟು. ಅದೇ ಎಂಟನ್ನು ಮೂರು ಎಂದು ಓದಿ 113 ಮಾಡಿದರೆ 45.2 ಸೆಂಟು. ನಡುವೆ ಕಳೆದುಹೋದದ್ದು ಎರಡು ಸೆಂಟು, ಲೆಕ್ಕ ಹಾಕಿದರೆ 871 ಚದರ ಅಡಿ. ಪೇಟೆಗೆ ಹತ್ತಿರದ ಜಮೀನಾದರೆ ಒಂದು ಸಣ್ಣ ಮನೆಯೇ ಕಟ್ಟಬಹುದಾದ ಜಾಗ. ಕರ್ನಾಟಕದ ನೆಂಟರಿಗೆ ಹೇಳುವುದಾದರೆ, 1,089 ಚದರ ಅಡಿಯ ನಮ್ಮ ಗುಂಟೆಯಲ್ಲಿ ಮುಕ್ಕಾಲಿಗಿಂತ ಹೆಚ್ಚು. ಇಷ್ಟಕ್ಕೂ ಕಾರಣ ಯಾರೋ ಒಬ್ಬ ಸರ್ವೆಯರ್ ಅಥವಾ ನಕ್ಷೆಗಾರ ಎಂಟರ ಎಡಗಡೆ ಸುತ್ತನ್ನು ಪೂರ್ತಿ ಮುಚ್ಚದೇ ಬಿಟ್ಟದ್ದು.

ಅಳೆಯಬೇಡ, ಬರೆದದ್ದನ್ನು ಓದು

ಸ್ಕೇಲ್ ಇಟ್ಟು ನಕ್ಷೆಯ ಗೆರೆಯನ್ನೇ ಅಳೆದರಾಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ನಕ್ಷೆ ಕೆಲಸದ ಮೊದಲ ಪಾಠವೇ ಇದಕ್ಕೆ ಉತ್ತರ. ಗೆರೆಗಿಂತ ಬರೆದ ಅಂಕಿ ದೊಡ್ಡದು. ಗೆರೆಯ ಉದ್ದ ಒಂದು ಹೇಳಿ, ಮೇಲೆ ಬರೆದ ಅಂಕಿ ಇನ್ನೊಂದು ಹೇಳಿದರೆ ಅಂಕಿಯ ಮಾತೇ ನಡೆಯಬೇಕು. ಕಾಗದ ಬೇಸಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ, ಜೆರಾಕ್ಸ್ ಯಂತ್ರ ತನಗೆ ತೋಚಿದಷ್ಟು ಎಳೆಯುತ್ತದೆ. ಗೆರೆ ಸುಳ್ಳು ಹೇಳಬಹುದು. ಅಂಕಿ ಹೇಳಬಾರದು. ಅದಕ್ಕೇ ಎಂಜಿನಿಯರಿಂಗ್ ನಕ್ಷೆಗಳ ಮೂಲೆಯಲ್ಲಿ, ಈ ನಕ್ಷೆಯನ್ನು ಅಳೆಯಬೇಡಿ, ಬರೆದ ಅಳತೆಯನ್ನೇ ಅನುಸರಿಸಿ ಎಂಬ ಅರ್ಥದ ಸೂಚನೆ ಕಾಣುತ್ತದೆ.

ಎಫ್‌ಎಂಬಿಯಲ್ಲಂತೂ ಇದು ಇನ್ನೂ ನಿಜ. ಜಮೀನಿನ ಒಳಗೆ ಒಂದು ಕರ್ಣರೇಖೆ ಎಳೆದು, ಅದರ ಮೇಲೆ ಇಷ್ಟು ದೂರ ನಡೆದು, ಅಲ್ಲಿಂದ ಬಲಕ್ಕೆ ಇಷ್ಟು, ಎಡಕ್ಕೆ ಇಷ್ಟು ಎಂದು ಅಡ್ಡ ಅಳತೆ ಹಿಡಿಯುವ ಪದ್ಧತಿ ಅದು. ಬದುವಿನ ಪ್ರತಿಯೊಂದು ತಿರುವಿಗೂ ಅಂಕಿ ಇದೆ. ಕಲ್ಲು ಕಿತ್ತು ಹೋದರೂ, ಬದು ಉತ್ತು ಹೋದರೂ, ಆ ಅಂಕಿಗಳಿದ್ದರೆ ಸರ್ವೆಯರ್ ಬಂದು ಕಲ್ಲನ್ನು ಅದೇ ಜಾಗದಲ್ಲಿ ಮತ್ತೆ ನೆಡಬಲ್ಲ.

ಗಡಿಯ ಈಚೆ ಬದಿಯಲ್ಲಿ, ಹಳೆಯ ಮೈಸೂರಿನ ಕಡೆ, ಇದೇ ಕೆಲಸವನ್ನು 'ಟಿಪ್ಪಣಿ' ಮಾಡುತ್ತದೆ. ಅಲ್ಲಿ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಸೇರಿದರೆ ಒಂದು ಗುಂಟೆ. ಕೊಳ್ಳೇಗಾಲದ ಕಡೆ ಮೂಲ ಇರುವವರಿಗೆ ಮಾತ್ರ ಎರಡೂ ಲೆಕ್ಕ ಪರಿಚಯ, ಏಕೆಂದರೆ 1956ರ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಟಿಪ್ಪಣಿಯಾಗಲಿ ಎಫ್‌ಎಂಬಿಯಾಗಲಿ, ಎರಡೂ ಹುಟ್ಟಿದ್ದು ಕೈಬರಹದಲ್ಲಿ.

ತಮಿಳುನಾಡಿನಲ್ಲಿ 1979ರಿಂದ 1987ರವರೆಗೆ 'ಯುಡಿಆರ್' ಎಂಬ ಭೂ ದಾಖಲೆ ಪರಿಷ್ಕರಣೆ ನಡೆಯಿತು. ಪಟ್ಟಾಗಳಲ್ಲಿ ಎಕರೆ ಸೆಂಟು ಹೋಗಿ ಹೆಕ್ಟೇರು, ಏರ್ ಬಂತು. ತಾಲ್ಲೂಕು ಕಚೇರಿಗಳಲ್ಲಿ ಇಂದಿಗೂ 'ಯುಡಿಆರ್ ತಪ್ಪು' ಎಂಬ ಮಾತು ಕೇಳಿಬರುತ್ತದೆ. ಹಳೆಯ ಲಿಂಕ್ ಅಂಕಿಯನ್ನು ಮೀಟರಿಗೆ ಬದಲಾಯಿಸುವಾಗ ಒಂದು ಅಪಾಯ ಇದೆ. 118 ಲಿಂಕ್ ಎಂದರೆ 23.74 ಮೀಟರ್, 113 ಲಿಂಕ್ ಎಂದರೆ 22.73 ಮೀಟರ್. ಹಳೆಯ ಹಾಳೆಯಲ್ಲಿ ಎಂಟನ್ನು ಮೂರೆಂದು ಓದಿದ ತಪ್ಪು ಹೊಸ ಹಾಳೆಯಲ್ಲಿ ಗುರುತೇ ಸಿಗುವುದಿಲ್ಲ. 22.73 ಎಂಬ ಅಂಕಿ ಎಷ್ಟು ಸ್ಪಷ್ಟವಾಗಿ ಅಚ್ಚಾಗಿದ್ದರೂ ತಪ್ಪು ತಪ್ಪೇ. ಅದರ ಬೇರು ಹುಡುಕಬೇಕಾದರೆ ಮತ್ತೆ ಕೈಬರಹದ ಹಾಳೆಗೇ ಹೋಗಬೇಕು.

ಅಕ್ಷರ ಬರೆಯುವುದೂ ಒಂದು ಕಸುಬು

ನಕ್ಷೆಯ ಅಕ್ಷರ ಬರೆಯುವುದನ್ನು ಒಂದು ಕಾಲದಲ್ಲಿ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ವಾರಗಟ್ಟಲೆ ಕಲಿಸುತ್ತಿದ್ದರು. ಡ್ರಾಫ್ಟ್ಸ್‌ಮನ್ ಸಿವಿಲ್ ಓದಿದ ಯಾರನ್ನೇ ಕೇಳಿ, ಮೊದಲ ತಿಂಗಳ ನೆನಪು ಒಂದೇ: ಗೆರೆ ಎಳೆ, ಗೆರೆಯ ನಡುವೆ ಅಕ್ಷರ ಬರೆ, ಅಳಿಸು, ಮತ್ತೆ ಬರೆ. ಬೇಜಾರು ಹುಟ್ಟಿಸುವ ಕೆಲಸವೇ ಸರಿ. ಆದರೆ ಅದರ ಹಿಂದಿನ ಲೆಕ್ಕ ಗೊತ್ತಾದರೆ ಗೌರವ ಬರುತ್ತದೆ.

ಮೊದಲು ಎರಡು ತೆಳು ಗೆರೆ, ಕಾಣಿಯೂ ಕಾಣದಂತೆ. ಅಕ್ಷರ ಈ ಎರಡರ ನಡುವೆ ನಿಲ್ಲಬೇಕು. ಎತ್ತರಕ್ಕೆ ನಿಗದಿ ಇದೆ: 2.5, 3.5, 5, 7, 10, 14, 20 ಮಿಲಿಮೀಟರ್. ಈ ಸಾಲನ್ನು ಸುಮ್ಮನೆ ಇಟ್ಟದ್ದಲ್ಲ. ಪ್ರತಿಯೊಂದು ಅಳತೆಯೂ ಹಿಂದಿನದಕ್ಕಿಂತ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು. ಎ1 ಹಾಳೆಯನ್ನು ಎ2ಗೆ ಇಳಿಸಿದಾಗ ಉದ್ದ ಅಗಲ ಕುಗ್ಗುವುದೂ ಇದೇ ಪ್ರಮಾಣದಲ್ಲಿ. ಹಾಗಾಗಿ ದೊಡ್ಡ ಹಾಳೆಯ 7 ಮಿಲಿಮೀಟರ್ ಅಕ್ಷರ ಚಿಕ್ಕ ಹಾಳೆಯಲ್ಲಿ ಸರಿಯಾಗಿ 5 ಆಗುತ್ತದೆ, 5 ಇದ್ದದ್ದು 3.5 ಆಗುತ್ತದೆ. ಕುಗ್ಗಿದರೂ ನಿಯಮದೊಳಗೇ ಇರುತ್ತದೆ.

ಗೆರೆಯ ದಪ್ಪಕ್ಕೂ ಲೆಕ್ಕ. ಅಕ್ಷರದ ಎತ್ತರದ 14ನೇ ಒಂದು ಭಾಗ ದಪ್ಪ ಇದ್ದರೆ 'ಎ' ಮಾದರಿ, 10ನೇ ಒಂದು ಭಾಗ ಇದ್ದರೆ 'ಬಿ' ಮಾದರಿ. ನಮ್ಮಲ್ಲಿ ಹೆಚ್ಚು ಕಾಣುವುದು 'ಬಿ'. ಎರಡು ಅಕ್ಷರಗಳ ನಡುವೆ ಕನಿಷ್ಠ ಗೆರೆಯ ದಪ್ಪದ ಎರಡರಷ್ಟು ಜಾಗ, ಎರಡು ಪದಗಳ ನಡುವೆ ಆರರಷ್ಟು. ನೇರ ನಿಂತ ಅಕ್ಷರ ಬರೆಯಬಹುದು, ಇಲ್ಲವೇ ಬಲಕ್ಕೆ ವಾಲಿಸಿ 75 ಡಿಗ್ರಿಯಲ್ಲಿ ಬರೆಯಬಹುದು. ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸುವಂತಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1974ರಲ್ಲಿ ಐಎಸ್‌ಒ 3098 ಎಂದು ಇದನ್ನು ಪ್ರಕಟಿಸಿತು. ಭಾರತದ ಮಾನಕವಾಗಿ ಬಂದದ್ದು ಐಎಸ್ 9609. ಶಾಲಾ ಕಾಲೇಜುಗಳಿಗೆ ಎಂದು 1988ರಲ್ಲಿ ಹೊರಬಂದ ಎಸ್‌ಪಿ 46 ಎಂಬ ಕೈಪಿಡಿಯಲ್ಲೂ ಈ ನಿಯಮಗಳಿವೆ. ಗುಜರಾತಿನ ಆನಂದದಿಂದ ಬರುವ ಎನ್.ಡಿ. ಭಟ್ಟರ ಎಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕ ಓದದೇ ಪಾಸಾದ ಎಂಜಿನಿಯರ್ ಸಿಗುವುದು ಕಷ್ಟ. ಅಕ್ಷರದ ಪಾಠ ಅದರಲ್ಲೂ ಉಂಟು.

ಇಷ್ಟೆಲ್ಲ ನಿಯಮ ಏಕೆ? ಮಾನಕದಲ್ಲೇ ಕಾರಣ ಇದೆ: ಓದಲು ಬರಬೇಕು, ಎಲ್ಲ ಕಡೆ ಒಂದೇ ತರಹ ಇರಬೇಕು, ಫಿಲ್ಮ್ ಮೇಲೆ ಚಿಕ್ಕದಾಗಿ ತೆಗೆದು ಮತ್ತೆ ದೊಡ್ಡದು ಮಾಡಿದರೂ ಕೆಡಬಾರದು. ಪ್ರತಿಯ ಪ್ರತಿ ತೆಗೆದಾಗ ಮೊದಲು ಹಾಳಾಗುವುದು ಅಕ್ಷರದ ಒಳಗಿನ ಬಿಳಿ ಜಾಗ. ಕಪ್ಪು ಹರಡಿ, ಮೂರರ ಬಾಯಿ ಮುಚ್ಚಿ ಎಂಟಾಗುತ್ತದೆ. ಆರರ ಹೊಟ್ಟೆ ತುಂಬಿ ಗುಂಡಗಿನ ಚುಕ್ಕೆಯಾಗುತ್ತದೆ. ಬಿಳಿ ಜಾಗ ಸಾಕಷ್ಟು ಬಿಟ್ಟು ಬರೆದಿದ್ದರೆ ಹತ್ತು ಸಲ ಜೆರಾಕ್ಸ್ ಆದರೂ ಮೂರು ಮೂರಾಗಿಯೇ ಉಳಿಯುತ್ತದೆ.

ಅಂಕಿ ಬರೆಯುವ ಕೈಯ ಗುಟ್ಟುಗಳು ಬೇರೆಯೇ ಇವೆ. ಮೂರು, ಎಂಟು ಎರಡರಲ್ಲೂ ಮೇಲಿನ ಸುತ್ತು ಕೆಳಗಿನದಕ್ಕಿಂತ ಚೂರು ಚಿಕ್ಕದಿರಬೇಕು. ಎರಡನ್ನೂ ಸಮ ಬರೆದರೆ ತಲೆಭಾರವಾಗಿ ಮುಂದಕ್ಕೆ ಬೀಳುವಂತೆ ಕಾಣುತ್ತದೆ. ಮೂರರ ಎಡಬಾಯಿ ಚೆನ್ನಾಗಿ ತೆರೆದಿರಬೇಕು, ಎಂಟರ ಎರಡೂ ಸುತ್ತು ಪೂರ್ತಿ ಕೂಡಬೇಕು. ಅಕ್ಷರಗಳ ನಡುವಿನ ಜಾಗವನ್ನು ಸ್ಕೇಲಿನಲ್ಲಿ ಸಮ ಹಂಚಿದರೆ ಕಣ್ಣಿಗೆ ಸಮ ಕಾಣುವುದಿಲ್ಲ. ಇಂಗ್ಲಿಷಿನ 'ಎಚ್' ಪಕ್ಕ 'ಐ' ಬಂದರೆ ಹೆಚ್ಚು ಜಾಗ ಬೇಕು, 'ಎ' ಪಕ್ಕ 'ವಿ' ಬಂದರೆ ಒತ್ತಿ ಕೂರಿಸಬೇಕು. ಇಲ್ಲಿ ಸ್ಕೇಲಿಗಿಂತ ಕಣ್ಣೇ ಯಜಮಾನ. ಪೆನ್ಸಿಲ್ಲು ಎಚ್ ಅಥವಾ ಎಚ್‌ಬಿ, ಮೊನೆ ಶಂಕುವಿನಂತೆ, ಒಂದೆರಡು ಅಕ್ಷರಕ್ಕೊಮ್ಮೆ ಬೆರಳಲ್ಲೇ ಸ್ವಲ್ಪ ತಿರುಗಿಸಬೇಕು, ಇಲ್ಲದಿದ್ದರೆ ಮೊನೆ ಒಂದು ಕಡೆ ಸವೆದು ಗೆರೆ ದಪ್ಪವಾಗುತ್ತದೆ. ಗೀಟು ಯಾವಾಗಲೂ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಕೆಳಗಿನಿಂದ ಮೇಲಕ್ಕೆ ತಳ್ಳಿದರೆ ನಿಬ್ಬು ಕಾಗದಕ್ಕೆ ಚುಚ್ಚಿಕೊಂಡು ಮಸಿ ಚಿಮ್ಮುತ್ತದೆ.

ಮಸಿಯ ಕೆಲಸ ಬಂದಾಗ ಕಷ್ಟ ದುಪ್ಪಟ್ಟು. ಮೊದಲು ರೂಲಿಂಗ್ ಪೆನ್ನು, ಅದರ ಎರಡು ಅಲಗುಗಳ ನಡುವೆ ಒಂದು ಹನಿ ಇಂಡಿಯನ್ ಇಂಕು. 1953ರಲ್ಲಿ ಜರ್ಮನಿಯ ರೋಟ್ರಿಂಗ್ ಕಂಪನಿಯ ರಾಪಿಡೋಗ್ರಾಫ್ ಬಂದ ಮೇಲೆ ಕೈಗೆ ಸ್ವಲ್ಪ ಬಿಡುವು. ಈ ಬಗೆಯ ಪೆನ್ನುಗಳ ಅಳತೆ ನೋಡಿ: 0.25, 0.35, 0.5, 0.7. ಮೇಲೆ ಹೇಳಿದ ಅಕ್ಷರದ ಎತ್ತರಗಳ ಸರಿಯಾಗಿ ಹತ್ತನೇ ಒಂದು ಭಾಗ. 3.5 ಮಿಲಿಮೀಟರ್ ಅಕ್ಷರಕ್ಕೆ ಹಳದಿ ಪಟ್ಟಿಯ 0.35 ಪೆನ್ನು ಎತ್ತಿಕೊಂಡರೆ 'ಬಿ' ಮಾದರಿಯ ದಪ್ಪ ತಾನಾಗಿಯೇ ಬರುತ್ತದೆ, ಲೆಕ್ಕ ಮಾಡುವಂತೆಯೇ ಇಲ್ಲ. 0.25ಕ್ಕೆ ಬಿಳಿ, 0.5ಕ್ಕೆ ಕಂದು, 0.7ಕ್ಕೆ ನೀಲಿ ಪಟ್ಟಿ. ಮೊನೆಯಲ್ಲಿ ಮಸಿ ಒಣಗಿ ಕಟ್ಟಿಕೊಂಡರೆ ಮಾತ್ರ ಅವತ್ತಿನ ಕೆಲಸಕ್ಕೆ ಶನಿ. ಪೆನ್ನು ಅಲುಗಾಡಿಸುವ ಟಕಟಕ ಸದ್ದು ಡ್ರಾಯಿಂಗ್ ಹಾಲ್‌ಗಳ ನಿತ್ಯದ ಸಂಗೀತವಾಗಿತ್ತು.

ಅಂಗೈ ಬೆವರು ಇನ್ನೊಂದು ಶತ್ರು. ಕಣಿವೆಯ ಏಪ್ರಿಲ್ ಬಿಸಿಲಿನಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಕೈ ಊರಿದರೆ ಮುಗಿಯಿತು, ಆ ಜಾಗದಲ್ಲಿ ಮಸಿ ಹಿಡಿಯುವುದಿಲ್ಲ. ಅದಕ್ಕೇ ಅಂಗೈ ಕೆಳಗೆ ಒಂದು ತುಂಡು ಕಾಗದ. ಇನ್ನೂ ಹಿಂದೆ ಟ್ರೇಸಿಂಗ್ ಬಟ್ಟೆ ಇತ್ತು, ಗಂಜಿ ಹಾಕಿ ನಯ ಮಾಡಿದ ತೆಳು ಬಟ್ಟೆ. ಅದರ ಮೇಲೆ ಒಂದು ಹನಿ ನೀರು ಬಿದ್ದರೂ ಬಿಳಿ ಕಲೆ ನಿಂತುಬಿಡುತ್ತದೆ. ಅಕ್ಷರ ತಪ್ಪಾದರೆ ಬ್ಲೇಡಿನ ಅಲಗಿನಿಂದ ಮಸಿಯನ್ನು ಮೆಲ್ಲಗೆ ಕೆರೆದು, ರಬ್ಬರ್ ಆಡಿಸಿ, ಮೇಲೆದ್ದ ನಾರನ್ನು ಉಗುರಿನಿಂದ ಉಜ್ಜಿ ಕೂರಿಸಿ ಆಮೇಲೆ ಬರೆಯಬೇಕು. ಉಜ್ಜದೇ ಬರೆದರೆ ಮಸಿ ಹರಡುತ್ತದೆ. ಅರೆಬರೆ ಕೆರೆದರೆ ಹಳೆಯ ಅಂಕಿಯ ನೆರಳು ಪ್ರಿಂಟಿನಲ್ಲಿ ಮೂಡುತ್ತದೆ. 113ರ ಕೆಳಗೆ 118ರ ಭೂತ! ಜಮೀನಿನ ಜಗಳಗಳಲ್ಲಿ ಇಂಥ ಭೂತಗಳಿಗೆ ಬಾಯಿ ಬರುತ್ತದೆ.

ಪೆರಿಯಾರಿನ 155

ಕಣಿವೆಯಲ್ಲಿ ಅಂಕಿಯ ಮಹಿಮೆ ಗೊತ್ತಿಲ್ಲದವರು ಯಾರೂ ಇಲ್ಲ. ಮಂಡ್ಯದವರು ಕೆಆರ್‌ಎಸ್ ಎಂದರೆ 124.80 ಅನ್ನುವಂತೆ, ಗೂಡಲೂರು, ಕಂಬಂ, ಉತ್ತಮಪಾಳ್ಯಂ ಕಡೆಯವರು ಪೆರಿಯಾರ್ ಎಂದರೆ 142 ಅನ್ನುತ್ತಾರೆ. ಕಣಿವೆಯ 14,707 ಎಕರೆ ಎರಡು ಬೆಳೆ ಗದ್ದೆಗೆ ನೀರು ಬರುವುದು ಅಲ್ಲಿಂದಲೇ. ಇಲ್ಲಿನ ಕಾಪಿಲಿಯರ್, ಅನುಪ್ಪ ಗೌಂಡರ್ ಮನೆಗಳ ಗದ್ದೆಗಳೂ ಅದರಲ್ಲಿ ಸೇರಿವೆ.

ಈ ಅಣೆಕಟ್ಟೆಯ ಕಥೆಯೂ ಒಂದು ನಕ್ಷೆಯಿಂದ ಶುರು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನಕ್ಕೂ ಬ್ರಿಟಿಷ್ ಸರ್ಕಾರಕ್ಕೂ 999 ವರ್ಷದ ಗೇಣಿ ಒಪ್ಪಂದವಾಯಿತು. ಅಣೆಕಟ್ಟೆಯ ಜಾಗದಲ್ಲಿ ನದಿಪಾತ್ರದ ಅತಿ ಆಳದ ಬಿಂದುವಿನಿಂದ 155 ಅಡಿ ಎತ್ತರದ ಸಮಪಾತಳಿ ಗೆರೆ ಎಲ್ಲಿ ಹಾದುಹೋಗುತ್ತದೋ, ಅದರ ಕೆಳಗಿನ ನೆಲ ಸುಮಾರು 8,000 ಎಕರೆ, ಎಕರೆಗೆ ವರ್ಷಕ್ಕೆ ಐದು ರೂಪಾಯಿ, ಒಟ್ಟು 40,000 ರೂಪಾಯಿ. ಒಪ್ಪಂದಕ್ಕೆ ನಕ್ಷೆಯನ್ನೂ ಲಗತ್ತಿಸಲಾಗಿತ್ತು. ಗಡಿ ಅಂದರೆ ಕಲ್ಲಲ್ಲ, ಬೇಲಿಯಲ್ಲ. ಕಾಡಿನೊಳಗೆ ಕಣ್ಣಿಗೇ ಕಾಣದ ಒಂದು ಮಟ್ಟದ ಗೆರೆ, ಆ ಗೆರೆಗೆ ಇರುವ ಮೂರು ಅಂಕಿ. ಸಮಪಾತಳಿ ಗೆರೆಯನ್ನು ನಡುವೆ ಕತ್ತರಿಸಿ, ಆ ಸಂದಿಯಲ್ಲಿ ಅಂಕಿ ಕೂರಿಸುವುದು ನಕ್ಷೆಗಾರರ ರೂಢಿ. ಆ ಸಂದಿಯಲ್ಲಿ ಕೈ ತಪ್ಪಿದರೆ ಎಕರೆಗಟ್ಟಲೆ ಕಾಡಿನ ಲೆಕ್ಕವೇ ಏರುಪೇರು.

ಎಂಜಿನಿಯರ್ ಪೆನ್ನಿಕ್ವಿಕ್ ಉಸ್ತುವಾರಿಯಲ್ಲಿ 1887ರಲ್ಲಿ ಕೆಲಸ ಶುರುವಾಗಿ 1895ರ ಅಕ್ಟೋಬರ್‌ನಲ್ಲಿ ಅಣೆಕಟ್ಟೆ ಉದ್ಘಾಟನೆಯಾಯಿತು. ಸುಣ್ಣ, ಸುರ್ಕಿಯ ಗಾರೆಯಲ್ಲಿ ಕಟ್ಟಿದ ಕಟ್ಟೆ, ಬುನಾದಿಯಿಂದ ಎತ್ತರ 176 ಅಡಿ. ಬೆಟ್ಟ ಕೊರೆದ ಸುರಂಗ ಮೈಲಿಗೂ ಹೆಚ್ಚು. ಆ ಕಾಲದ ನಕ್ಷೆ ಎಂದರೆ ರೂಲಿಂಗ್ ಪೆನ್ನು, ಟ್ರೇಸಿಂಗ್ ಬಟ್ಟೆ, ನೀಲಿ ಪ್ರಿಂಟು. ನೀಲಿ ಪ್ರಿಂಟಿನ ರಸಾಯನ ವಿದ್ಯೆಯನ್ನು ಇಂಗ್ಲೆಂಡಿನ ಜಾನ್ ಹರ್ಷೆಲ್ 1842ರಲ್ಲೇ ಕಂಡುಹಿಡಿದಿದ್ದ. ಬ್ಯಾಂಕಿನವರು ಮನೆ ಸಾಲಕ್ಕೆ ಇಂದಿಗೂ 'ಬ್ಲೂಪ್ರಿಂಟ್ ತನ್ನಿ' ಅನ್ನುವುದು ಆ ನೀಲಿಯ ನೆನಪಿನಿಂದಲೇ, ಕೊಡುವ ಹಾಳೆ ಬೆಳ್ಳಗಿದ್ದರೂ.

ವಿಶೇಷವೆಂದರೆ, ಪೆರಿಯಾರ್ ಕಟ್ಟೆ ಏಳುತ್ತಿದ್ದ ವರ್ಷಗಳಲ್ಲೇ ನಕ್ಷೆಯ ಅಕ್ಷರವೂ ಬದಲಾಗುತ್ತಿತ್ತು. ಅದುವರೆಗೆ ಶೀರ್ಷಿಕೆ ಎಂದರೆ ದಪ್ಪ ಸಣ್ಣ ಗೀಟುಗಳ, ನೆರಳು ಬಳಿದ, ಬಳ್ಳಿ ಸುತ್ತಿದ ಅಕ್ಷರಗಳು. ಒಂದು ಹೆಸರು ಬರೆಯಲು ಅರ್ಧ ದಿನ. ನ್ಯೂಯಾರ್ಕಿನ 'ಎಂಜಿನಿಯರಿಂಗ್ ನ್ಯೂಸ್' ಪತ್ರಿಕೆಯ ಮುಖ್ಯ ನಕ್ಷೆಗಾರ ಚಾರ್ಲ್ಸ್ ರೈನ್‌ಹಾರ್ಟ್ 1890ರ ದಶಕದಲ್ಲಿ ಒಂದು ಚಿಕ್ಕ ಪುಸ್ತಕ ಬರೆದು, ಒಂದೇ ಗೀಟಿನ ಸರಳ ಅಕ್ಷರವನ್ನು ಗೀಟು ಗೀಟಾಗಿ ಬಿಡಿಸಿ ಕಲಿಸಿದ. ಯಾವ ಗೀಟು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಸಮೇತ. 1911ರಲ್ಲಿ ಥಾಮಸ್ ಫ್ರೆಂಚ್ ಬರೆದ ಎಂಜಿನಿಯರಿಂಗ್ ಡ್ರಾಯಿಂಗ್ ಪಠ್ಯದಲ್ಲೂ ಇಂಥ ಒಂದೇ ಗೀಟಿನ ಅಕ್ಷರದ ಪಾಠ ಇದೆ. ಅಲಂಕಾರ ಹೋಯಿತು, ಓದಲು ಬರುವುದು ಉಳಿಯಿತು.

155ರ ಮುಂದಿನ ಕಥೆ ಓದುಗರಿಗೆ ಗೊತ್ತಿರುವುದೇ. 1970ರ ಮೇ ತಿಂಗಳಲ್ಲಿ ಗೇಣಿ ಎಕರೆಗೆ 30 ರೂಪಾಯಿಗೆ ಏರಿತು. 1979ರಲ್ಲಿ ಕಟ್ಟೆಯ ಸುರಕ್ಷತೆಯ ಪ್ರಶ್ನೆ ಎದ್ದು ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. 2006ರಲ್ಲಿ, ಮತ್ತೆ 2014ರ ಮೇ 7ರಂದು ಸುಪ್ರೀಂ ಕೋರ್ಟ್ 142 ಅಡಿಗೆ ಅನುಮತಿ ಕೊಟ್ಟಿತು. ಎರಡು ರಾಜ್ಯಗಳ ನಡುವಿನ ಮಾತೆಲ್ಲ ಮೂರಂಕಿಯ ಸಂಖ್ಯೆಗಳಲ್ಲೇ.

ಕನ್ನಡದಲ್ಲಿ ನಕ್ಷೆ ಬರೆದರೆ?

ಇಲ್ಲಿನ ಕನ್ನಡಿಗರ ಸಂಗತಿಯೇ ವಿಚಿತ್ರ. ಮನೆಯಲ್ಲಿ ಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು, ನಕ್ಷೆಯ ಮೇಲೆ ಬರೆಯುವುದು ಇಂಗ್ಲಿಷ್. ಬೋಡಿ, ಚಿನ್ನಾಳಪಟ್ಟಿಯ ದೇವಾಂಗ ಮನೆಗಳಲ್ಲೂ ಹೀಗೇ. ಅಜ್ಜಿ 'ಒಲೆಮನೆ' ಅನ್ನುತ್ತಾಳೆ, ಪ್ಲಾನಿನಲ್ಲಿ 'ಕಿಚನ್' ಅಂತಿರುತ್ತದೆ.

ನಕ್ಷೆಯ ಅಕ್ಷರದ ಕಣ್ಣಿನಿಂದ ನೋಡಿದರೆ ನಮ್ಮ ಲಿಪಿ ಸುಲಭದ್ದಲ್ಲ ಎಂದು ಒಪ್ಪಿಕೊಳ್ಳಬೇಕು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಎರಡು ಗೆರೆ ಸಾಕು. ಕನ್ನಡಕ್ಕೆ ತಲೆಕಟ್ಟಿಗೆ ಒಂದು, ಗುಡಿಸಿಗೆ ಅದರ ಮೇಲೊಂದು, ಅಕ್ಷರದ ಪಾದಕ್ಕೆ ಒಂದು, ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು. 'ಉಗ್ರಾಣ' ಎಂದು ಬರೆಯುವಾಗ ಗಕಾರದ ಕೆಳಗಿನ ರಾವತ್ತು ಅಳತೆಯ ಗೆರೆಗೆ ಹೋಗಿ ತಾಗುತ್ತದೆ. ತಮಿಳಿಗೆ ಒತ್ತಿನ ಕಾಟ ಇಲ್ಲ, ಮೇಲೊಂದು ಚುಕ್ಕಿ ಇಟ್ಟರಾಯಿತು. ಕನ್ನಡ ಅಂಕಿಯಲ್ಲೂ ಜಾಗ್ರತೆ ಬೇಕು: ಕೈ ಸ್ವಲ್ಪ ಅವಸರಪಟ್ಟರೆ ೧ಕ್ಕೂ ೦ಗೂ, ೬ಕ್ಕೂ ೯ಕ್ಕೂ ಗೊಂದಲ. ಗುಂಡಗಿನ ಲಿಪಿಯ ಚೆಲುವು ಶಾಸನಕ್ಕೂ ಲಗ್ನಪತ್ರಿಕೆಗೂ ಒಪ್ಪುತ್ತದೆ. 2.5 ಮಿಲಿಮೀಟರ್ ಎತ್ತರದಲ್ಲಿ, ಮೂರನೇ ಜೆರಾಕ್ಸ್‌ನಲ್ಲಿ, ಅದು ಉಸಿರುಗಟ್ಟುತ್ತದೆ. ಹಾಗೆಂದು ಮನೆಯ ಪ್ಲಾನಿಗೆ ಕನ್ನಡದ ಹೆಸರು ಹಾಕಬಾರದೆಂದಿಲ್ಲ. ಅಕ್ಷರ 5 ಮಿಲಿಮೀಟರಿಗೆ ಇಳಿಯದಂತೆ, ಸಾಲಿನ ನಡುವೆ ಧಾರಾಳ ಜಾಗ ಬಿಟ್ಟು ಬರೆದರೆ ಚೆನ್ನಾಗಿಯೇ ಕಾಣುತ್ತದೆ.

ಪರೀಕ್ಷೆಗೆ ಇಲ್ಲದ ಪಾಠ

1982ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಆಟೋಕ್ಯಾಡ್ ಬಂತು. ನಮ್ಮ ಪೇಟೆಗಳಿಗೆ ಬರಲು ಸಮಯ ಹಿಡಿಯಿತು, ಬಂದ ಮೇಲೆ ಕೈಬರಹ ಹೊರಟುಹೋಗಲು ಹೆಚ್ಚು ಸಮಯ ಹಿಡಿಯಲಿಲ್ಲ. ಅಮೋನಿಯಾ ವಾಸನೆಯ ಪ್ರಿಂಟ್ ಅಂಗಡಿಗಳ ಜಾಗದಲ್ಲಿ ಪ್ಲಾಟರ್ ಬಂತು. ಅಣ್ಣಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಗ್ರಾಫಿಕ್ಸ್ ಪಠ್ಯಕ್ರಮದಲ್ಲಿ ಅಕ್ಷರ ಬರಹ, ಅಳತೆ ಬರಹ ಎರಡೂ ಇವೆ, ಆದರೆ 'ಪರೀಕ್ಷೆಗೆ ಇಲ್ಲ' ಎಂಬ ಭಾಗದಲ್ಲಿ. ಪರೀಕ್ಷೆಗೆ ಇಲ್ಲದ್ದನ್ನು ಯಾವ ವಿದ್ಯಾರ್ಥಿ ಕೂತು ಅಭ್ಯಾಸ ಮಾಡುತ್ತಾನೆ? ಕರ್ನಾಟಕದ ವಿಟಿಯು ಕಾಲೇಜುಗಳಲ್ಲೂ ಡ್ರಾಯಿಂಗ್ ವಿಷಯಕ್ಕೆ ಕಂಪ್ಯೂಟರ್ ಹೆಸರೇ ಅಂಟಿಕೊಂಡಿದೆ.

ಕಂಪ್ಯೂಟರಿನಲ್ಲಿ ಮೂರು ಎಂದರೆ ಮೂರೇ, ಅದರಲ್ಲಿ ಸಂಶಯ ಇಲ್ಲ. ಬೆರಳು ತಪ್ಪಿ ಎಂಟರ ಕೀಲಿ ಒತ್ತಿದರೆ ಆ ಎಂಟೂ ಅಷ್ಟೇ ಚೆಂದ ಕಾಣುತ್ತದೆ ಎಂಬುದಷ್ಟೇ ತೊಂದರೆ. ಕೈಯಲ್ಲಿ ಬರೆಯುವವನು ಪ್ರತಿ ಅಂಕಿಯ ಮೇಲೆ ಎರಡು ಮೂರು ಸೆಕೆಂಡ್ ನಿಲ್ಲುತ್ತಿದ್ದ, ನಿಂತಾಗ ತಪ್ಪು ಕಣ್ಣಿಗೆ ಬೀಳುತ್ತಿತ್ತು. ತಮಾಷೆ ಏನೆಂದರೆ, ಕೈಬರಹ ಹೋದ ಮೇಲೆ ಅದರ ನಕಲಿಗೆ ಬೇಡಿಕೆ ಬಂತು. ಆಟೋಕ್ಯಾಡ್ ಜೊತೆಗೇ 'ಸಿಟಿ ಬ್ಲೂಪ್ರಿಂಟ್' ಎಂಬ ಕೈಬರಹದಂಥ ಅಕ್ಷರ ಬರುತ್ತದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾನ್ಸಿಸ್ ಚಿಂಗ್ ತಮ್ಮ ಪುಸ್ತಕಗಳನ್ನು ಕೈಯಲ್ಲೇ ಬರೆದವರು. ಅವರ ಬರಹವನ್ನು ನೋಡಿ ಅಡೋಬಿ ಕಂಪನಿ 1989ರಲ್ಲಿ 'ಟೆಕ್ಟಾನ್' ಎಂಬ ಅಕ್ಷರ ತಂದಿತು.

ಕಚೇರಿಯ ಎಫ್‌ಎಂಬಿಗಳೂ ಕಂಪ್ಯೂಟರ್ ಸೇರಿವೆ. ಕೈಬರಹದ ಹಾಳೆಯಲ್ಲಿದ್ದ ಅಳತೆಗಳನ್ನು 'ಕೊಲಾಬ್‌ಲ್ಯಾಂಡ್' ಎಂಬ ತಂತ್ರಾಂಶಕ್ಕೆ ಕೂಡಿಸಿ ನಕ್ಷೆ ಮತ್ತೆ ಎಳೆಯಲಾಗಿದೆ. ತಮಿಳುನಾಡು ಸರ್ಕಾರದ ಇ-ಸೇವೆ ಜಾಲತಾಣದಲ್ಲಿ ಪಟ್ಟಾ ಜೊತೆಗೆ ಸ್ಕೆಚ್ಚನ್ನೂ ಇಳಿಸಿಕೊಳ್ಳಬಹುದು. ಒಳ್ಳೆಯದೇ ಆಯಿತು. ಆದರೆ ಕೂಡಿಸಿದವರು ಓದಿದ್ದೂ ಅದೇ ಹಳೆಯ ಮೂರನ್ನು, ಅದೇ ಎಂಟನ್ನು.

ಹಾಗಾಗಿ ಹೊಸ ಸ್ಕೆಚ್ಚು ಕೈಗೆ ಬಂದ ದಿನವೇ ಮನೆಯ ಪೆಟ್ಟಿಗೆಯ ಹಳೆಯ ಹಾಳೆ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟು ಓದುವುದು ಲೇಸು. ಹಳೆಯದು ಲಿಂಕಿನಲ್ಲಿದ್ದರೆ ಪ್ರತಿ ಅಂಕಿಯನ್ನು 0.2012ರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. ಹೊಸ ಹಾಳೆಯ ಅಂಕಿಯೊಂದಿಗೆ ಸರಿಹೋಗದ ಕಡೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ. ಒಂದು ಮೀಟರಿನಷ್ಟು ವ್ಯತ್ಯಾಸ ಬಂದರೆ ಲಿಂಕಿನ ಕೊನೆಯ ಅಂಕಿಯಲ್ಲಿ ಐದರ ಹೆಚ್ಚುಕಡಿಮೆ, ಅಲ್ಲಿ ಮೂರು ಎಂಟರ ಗೊಂದಲ ಇದೆಯೇ ನೋಡಿ. ಆರು ಮೀಟರಿನಷ್ಟು ವ್ಯತ್ಯಾಸವಾದರೆ 30 ಲಿಂಕ್, ಹತ್ತರ ಸ್ಥಾನದ ಒಂದು, ನಾಲ್ಕು ಅದಲು ಬದಲಾಗಿರಬಹುದು. ಅಕ್ಕಪಕ್ಕದ ಸರ್ವೆ ನಂಬರಿನ ಸ್ಕೆಚ್ಚನ್ನೂ ತೆಗೆದುಕೊಳ್ಳಿ, ಎರಡು ಜಮೀನಿಗೆ ಸೇರಿದ ಬದುವಿನ ಅಳತೆ ಎರಡರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ತಾಲ್ಲೂಕು ಕಚೇರಿಯ ಸರ್ವೆ ವಿಭಾಗಕ್ಕೆ ಅರ್ಜಿ ಕೊಟ್ಟು ಮೂಲ ಹಾಳೆಯ ದೃಢೀಕೃತ ಪ್ರತಿ ಕೇಳಬೇಕು. ದಿಂಡಿಗಲ್ ಕಡೆಯ ಹಳೆಯ ದಾಖಲೆಗಳಲ್ಲಿ ಮಧುರೆ ಜಿಲ್ಲೆ ಎಂದಿದ್ದರೆ ಗಾಬರಿ ಬೇಡ, ದಿಂಡಿಗಲ್ ಪ್ರತ್ಯೇಕ ಜಿಲ್ಲೆಯಾದದ್ದು 1985ರಲ್ಲಿ. ತೇನಿ ಬೇರೆಯಾದದ್ದು ಅದಾದ ಹತ್ತು ವರ್ಷಕ್ಕೂ ಆಮೇಲೆ.

ಹಳೆಯ ಹಾಳೆಯನ್ನು ಮಾತ್ರ ಮಡಚಿದ ಗೆರೆಯಲ್ಲೇ ಮತ್ತೆ ಮತ್ತೆ ಮಡಚಬೇಡಿ. ಅಂಕಿ ಹೆಚ್ಚಾಗಿ ಸವೆಯುವುದು ಅಲ್ಲೇ.